ಬೀದರಿನ ಚಳಿಗಾಲದಲ್ಲಿ ಎಲೆಕ್ಟ್ರಿಕ್ ಕಾರಿನ ರೇಂಜ್: ಎಷ್ಟು ತಗ್ಗುತ್ತದೆ, ಏಕೆ ತಗ್ಗುತ್ತದೆ, ಎಷ್ಟನ್ನು ಉಳಿಸಿಕೊಳ್ಳಬಹುದು?

ನೌಬಾದ್ ನಿವಾಸಿ, ಬೀದರ್

ಡಿಸೆಂಬರ್ ಬಂದೊಡನೆ ನಮ್ಮ ಜಿಲ್ಲೆಯ ಎಲೆಕ್ಟ್ರಿಕ್ ಕಾರಿನ ಮಾಲೀಕರಲ್ಲಿ ಒಂದು ಆತಂಕ ಶುರುವಾಗುತ್ತದೆ. ಅಕ್ಟೋಬರ್‌ನಲ್ಲಿ ಪೂರ್ತಿ ಚಾರ್ಜಿಗೆ ಕಾರು ತೋರಿಸುತ್ತಿದ್ದ ಕಿಲೋಮೀಟರುಗಳು, ಅಂದರೆ ರೇಂಜ್, ಈಗ ಕಾಣುತ್ತಿಲ್ಲ, ಬ್ಯಾಟರಿ ಕೆಟ್ಟಿತೇ ಎಂದು ಹೊಸಬರು ಕೇಳುತ್ತಾರೆ. ಅದಕ್ಕೆ ಉತ್ತರವಾಗಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುವುದು ನಾರ್ವೆಯ, ಕೆನಡಾದ, ಅಮೆರಿಕದ ಲೆಕ್ಕಗಳು. ಅವು ಸುಳ್ಳಲ್ಲ, ಆದರೆ ಅವು ಹಿಮ ಬೀಳುವ ನಾಡಿನ ಲೆಕ್ಕಗಳು. ನಮಗೆ ಅವುಗಳಲ್ಲಿ ಯಾವುದು ಅನ್ವಯಿಸುತ್ತದೆ, ಯಾವುದು ಅನ್ವಯಿಸುವುದಿಲ್ಲ ಎಂಬುದನ್ನು ಬೇರ್ಪಡಿಸಿ ಒಂದೆಡೆ ಬರೆದಿಡಬೇಕೆಂಬುದು ಈ ಚರ್ಚೆಯನ್ನು ಆರಂಭಿಸುತ್ತಿರುವ ನನ್ನ ಉದ್ದೇಶ.

ಹೆಚ್ಚಾಗಿ ಹಂಚಿಕೆಯಾಗುವ ಅಂಕಿ ಅಮೆರಿಕದ ಮೋಟಾರು ಸಂಘವಾದ ಎಎಎ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯದು. ಐದು ಕಾರುಗಳನ್ನು ಮೈನಸ್ 7 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೀಟರ್ ಹಾಕಿ ಓಡಿಸಿದಾಗ ರೇಂಜ್ ಸರಾಸರಿ 41% ಕುಸಿಯಿತು. ಈ ಅಂಕಿಯನ್ನು ಹಂಚುವವರು ಅದೇ ಪರೀಕ್ಷೆಯ ಇನ್ನೊಂದು ಅಂಕಿಯನ್ನು ಹೇಳುವುದಿಲ್ಲ: ಅದೇ ಕೊರೆಯುವ ಚಳಿಯಲ್ಲಿ ಹೀಟರ್ ಹಾಕದೆ ಓಡಿಸಿದಾಗ ಕುಸಿತ 12% ಮಾತ್ರ. ಹಾಗಾದರೆ ಚಳಿ ಬ್ಯಾಟರಿಗೆ ಮಾಡಿದ ತೊಂದರೆಗಿಂತ ಕಾರಿನೊಳಗಿನವರನ್ನು ಬೆಚ್ಚಗಿಡಲು ವ್ಯಯವಾದ ವಿದ್ಯುತ್ತೇ ಹೆಚ್ಚು.

ಬೀದರ್ ಎತ್ತರದ ಬಯಲಿನ ಮೇಲಿರುವುದರಿಂದ ರಾಜ್ಯದ ಅತಿ ಚಳಿಯ ಊರುಗಳಲ್ಲಿ ಒಂದು ಎನ್ನುವುದು ನಿಜ; 10 ಡಿಗ್ರಿಗಿಂತ ಕೆಳಗಿಳಿಯುವ ಬೆಳಗುಗಳು ನಮಗೆ ಹೊಸತಲ್ಲ. ಆದರೆ ಅದೇ ದಿನ ಮಧ್ಯಾಹ್ನ 27-28 ಡಿಗ್ರಿ ಇರುತ್ತದೆ, ಮತ್ತು ಆ ಹವೆ ಬ್ಯಾಟರಿಗೆ ಅತ್ಯಂತ ಹಿತವಾದದ್ದು. ನಮ್ಮದು ದಿನವಿಡೀ ಇರುವ ಚಳಿಯಲ್ಲ. ನಸುಕಿನಿಂದ ಸುಮಾರು ಒಂಬತ್ತು ಗಂಟೆಯವರೆಗಿನ ಚಳಿ. ಆದ್ದರಿಂದ ಇಲ್ಲಿ ರೇಂಜ್ ಉಳಿಸುವ ಪ್ರಶ್ನೆಯೆಂದರೆ ಬಹುಮಟ್ಟಿಗೆ ಆ ಕೆಲವು ಗಂಟೆಗಳನ್ನು ಹೇಗೆ ನಿಭಾಯಿಸುತ್ತೇವೆ ಎಂಬ ಪ್ರಶ್ನೆ ಎಂದು ನನ್ನ ಅಭಿಪ್ರಾಯ.

ಉತ್ತರಿಸುವವರಲ್ಲಿ ಒಂದು ವಿನಂತಿ. ಕಾರಿನ ಪರದೆ ತೋರಿಸುವ ಉಳಿದ ರೇಂಜನ್ನು ಬರೆಯದೆ, ಒಂದು ಯೂನಿಟ್ (ಕಿಲೋವ್ಯಾಟ್-ಅವರ್) ವಿದ್ಯುತ್ತಿಗೆ ಎಷ್ಟು ಕಿ.ಮೀ. ಓಡಿತು ಎಂಬುದನ್ನು ಬರೆಯಿರಿ. ಆಗ ಬೇರೆ ಬೇರೆ ಕಾರಿನವರು ಹೋಲಿಸಿ ನೋಡಲು ಸಾಧ್ಯವಾಗುತ್ತದೆ.

ಇಂಜಿನಿಯರ್, ಕಲಬುರಗಿ

ಬಹಳ ಅಗತ್ಯವಾದ ಚರ್ಚೆ, ಸರ್. ಬ್ಯಾಟರಿಯ ಒಳಗೆ ಏನಾಗುತ್ತದೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಂಡರೆ ಉಳಿದದ್ದು ಸುಲಭವಾಗುತ್ತದೆ.

ಬ್ಯಾಟರಿಯ ಘಟಕವಾದ ಲಿಥಿಯಂ-ಅಯಾನ್ ಸೆಲ್‌ನಲ್ಲಿ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ದ್ರವದ ಮೂಲಕ ಒಂದು ಧ್ರುವದಿಂದ ಇನ್ನೊಂದಕ್ಕೆ ಚಲಿಸುತ್ತವೆ. ತಾಪಮಾನ ಇಳಿದಾಗ ಆ ಚಲನೆ ನಿಧಾನವಾಗುತ್ತದೆ, ಸೆಲ್‌ನ ಒಳಗಿನ ಪ್ರತಿರೋಧ ಏರುತ್ತದೆ. ಮೋಟಾರು ಕೇಳಿದಷ್ಟು ಶಕ್ತಿಯನ್ನು ಕೊಡುವಾಗ ಒಂದು ಪಾಲು ಸೆಲ್‌ನೊಳಗೇ ಶಾಖವಾಗಿ ಹೋಗುತ್ತದೆ, ವೋಲ್ಟೇಜ್ ಬೇಗ ಕುಸಿಯುತ್ತದೆ. ಬ್ಯಾಟರಿ ಬೆಚ್ಚಗಾದ ಮೇಲೆ ಮೊದಲಿನ ಸ್ಥಿತಿಯೇ ಮರಳುತ್ತದೆ. ಇದು ತಾತ್ಕಾಲಿಕವಾದ ಇಳಿಕೆ, ಸವಕಳಿಯಲ್ಲ. ಬ್ಯಾಟರಿ ಕೆಟ್ಟಿತೇ ಎಂದು ಕೇಳುವವರಿಗೆ ಮೊದಲು ಹೇಳಬೇಕಾದದ್ದು ಇದನ್ನೇ.

ನಮ್ಮ ದೇಶದಲ್ಲಿ ಮಾರಾಟವಾಗುವ ಹಲವು ಕಾರುಗಳಲ್ಲಿರುವುದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಕಬ್ಬಿಣದ ಫಾಸ್ಫೇಟ್ ಬ್ಯಾಟರಿ. ಟಾಟಾ ನೆಕ್ಸಾನ್ ಇವಿ, ಎಂಜಿ ವಿಂಡ್ಸರ್, ಬಿವೈಡಿ ಆಟ್ಟೊ 3 ಈ ಗುಂಪಿಗೆ ಸೇರಿದವು. ಬಾಳಿಕೆ ಮತ್ತು ಸುರಕ್ಷತೆಯಲ್ಲಿ ಇದು ಗಟ್ಟಿಯಾದದ್ದು. ಚಳಿಯಲ್ಲಿ ಮಾತ್ರ ನಿಕಲ್ ಆಧಾರಿತ ಎನ್‌ಎಂಸಿ ಬ್ಯಾಟರಿಗಿಂತ ಸ್ವಲ್ಪ ಹೆಚ್ಚು ಮಂಕಾಗುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್‌ನೊಳಗೆ ಲಿಥಿಯಂ ಲೋಹದ ಪದರ ಕಟ್ಟುವ ಅಪಾಯವಿರುವುದರಿಂದ ಕಾರಿನ ನಿಯಂತ್ರಣ ವ್ಯವಸ್ಥೆ ಅಲ್ಲಿ ಚಾರ್ಜಿಂಗನ್ನು ತಡೆಯುತ್ತದೆ ಅಥವಾ ತೀರ ತಗ್ಗಿಸುತ್ತದೆ. ಬೀದರಿನಲ್ಲಿ ಆ ಹಂತ ಬರುವುದೇ ಇಲ್ಲ. ಜೊತೆಗೆ ಇನ್ನೂರು ಮುನ್ನೂರು ಕಿಲೋ ತೂಗುವ ಬ್ಯಾಟರಿ ಒಂದು ರಾತ್ರಿಯಲ್ಲಿ ಹೊರಗಿನ ಗಾಳಿಯಷ್ಟು ತಣ್ಣಗಾಗುವುದಿಲ್ಲ. ಹಿಂದಿನ ದಿನದ ಬಿಸಿಲಿನ ಬಿಸುಪು ಅದರಲ್ಲಿ ಉಳಿದಿರುತ್ತದೆ. ಹೀಗಾಗಿ ನಮ್ಮ ಭಾಗದಲ್ಲಿ ಬ್ಯಾಟರಿಯ ರಸಾಯನದಿಂದಲೇ ಆಗುವ ನಷ್ಟ ಚಿಕ್ಕದು.

ಬೆಳಿಗ್ಗೆ ಎದ್ದು ಕಾಣುವ ವ್ಯತ್ಯಾಸ ಇನ್ನೊಂದಿದೆ. ಆ್ಯಕ್ಸಿಲರೇಟರ್ ಬಿಟ್ಟಾಗ ಮೋಟಾರು ಜನರೇಟರ್ ಆಗಿ ಬ್ಯಾಟರಿಗೆ ವಿದ್ಯುತ್ ಮರಳಿಸುವ ರೀಜೆನ್ ವ್ಯವಸ್ಥೆ ತಣ್ಣನೆಯ ಬ್ಯಾಟರಿಯಲ್ಲಿ ಪೂರ್ಣ ಬಲದಿಂದ ಕೆಲಸ ಮಾಡದಿರಬಹುದು. ಕಾರು ಹಿಂದಿನ ದಿನದಂತೆ ಹಿಡಿದು ನಿಲ್ಲದೆ ಜಾರಿದಂತೆ ಅನ್ನಿಸುತ್ತದೆ. ಮೊದಲ ಕೆಲವು ಕಿಲೋಮೀಟರು ಮುಂದಿನ ವಾಹನದಿಂದ ಹೆಚ್ಚು ಅಂತರ ಇಟ್ಟುಕೊಳ್ಳಿ, ಬ್ರೇಕಿನ ಮೇಲೆ ಕಾಲು ಸಿದ್ಧವಾಗಿರಲಿ.

ಶಿಕ್ಷಕಿ, ಭಾಲ್ಕಿ

ಇಬ್ಬರಿಗೂ ವಂದನೆಗಳು. ನನ್ನ ಸಮಸ್ಯೆ ದೂರದ ಪ್ರಯಾಣದ್ದಲ್ಲ. ಬೆಳಿಗ್ಗೆ ಏಳು ಗಂಟೆಗೆ ಮಗಳನ್ನು ಟ್ಯೂಷನ್‌ಗೆ ಬಿಟ್ಟು ಬರುವುದು, ಆಮೇಲೆ ಶಾಲೆಗೆ ಹೋಗುವುದು, ಪ್ರತಿಯೊಂದೂ ನಾಲ್ಕೈದು ಕಿಲೋಮೀಟರಿನ ಓಡಾಟ. ಬೇಸಿಗೆಯಲ್ಲಿ ಎಸಿ ಹಾಕಿಯೂ ಸಿಗುತ್ತಿದ್ದ ಮೈಲೇಜ್ ಈಗ ಸಿಗುತ್ತಿಲ್ಲ, ಕೆಲವು ದಿನ ಅರ್ಧಕ್ಕೆ ಇಳಿಯುತ್ತದೆ. ಮಗಳಿಗೆ ಶೀತದ ತೊಂದರೆ ಇರುವುದರಿಂದ ಹೀಟರ್ ಹಾಕದೆ ಇರಲಾಗುವುದಿಲ್ಲ. ಅಲ್ಲದೆ ಮುಂದಿನ ಗಾಜು ಒಳಗಿನಿಂದ ಮಂಜು ಕಟ್ಟುತ್ತದೆ. ಅದನ್ನು ತೆಗೆಯಲು ಏನು ಹಾಕಿದರೂ ರೇಂಜ್ ಇಳಿಯುತ್ತದೆ. ಇದಕ್ಕೆ ದಾರಿ ಇದೆಯೇ?

ನೌಬಾದ್ ನಿವಾಸಿ, ಬೀದರ್

ಮೇಡಂ, ನೀವು ಹೇಳಿದ್ದು ನಮ್ಮ ಊರುಗಳ ಚಳಿಗಾಲದ ನಿಜವಾದ ಸಮಸ್ಯೆ. ಪೆಟ್ರೋಲ್ ಕಾರಿನಲ್ಲಿ ಇಂಜಿನ್ನಿನ ಶಾಖ ಹೇಗಿದ್ದರೂ ವ್ಯರ್ಥವಾಗುತ್ತಿರುತ್ತದೆ, ಅದನ್ನೇ ಒಳಗೆ ಬಿಡುತ್ತಾರೆ, ಹೀಟರ್ ಬಿಟ್ಟಿ. ಎಲೆಕ್ಟ್ರಿಕ್ ಕಾರಿನಲ್ಲಿ ಹಾಗೆ ವ್ಯರ್ಥವಾಗುವ ಶಾಖ ಬಹಳ ಕಡಿಮೆ. ಒಳಗಿನ ಬಿಸುಪೆಲ್ಲವೂ ಬ್ಯಾಟರಿಯಿಂದ ಬರಬೇಕು. ಹೀಟ್ ಪಂಪ್ ಇರುವ ಕಾರುಗಳು ಒಂದು ಯೂನಿಟ್ ವಿದ್ಯುತ್ತಿನಿಂದ ಎರಡು ಮೂರು ಯೂನಿಟ್‌ನಷ್ಟು ಶಾಖವನ್ನು ಹೊರಗಿನ ಗಾಳಿಯಿಂದ ಎಳೆದು ತರಬಲ್ಲವು. ಕಡಿಮೆ ಬೆಲೆಯ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಪಿಟಿಸಿ ಹೀಟರ್, ನೀರು ಕಾಯಿಸುವ ಕಾಯಿಲ್‌ನಂತೆ ನೇರವಾಗಿ ವಿದ್ಯುತ್ತನ್ನು ಶಾಖ ಮಾಡುವಂಥದ್ದು.

ನಿಮ್ಮ ಓಡಾಟಕ್ಕೆ ಲೆಕ್ಕ ಹಾಕೋಣ. ಆರಂಭದಲ್ಲಿ ಹೀಟರ್ 3 ಕಿಲೋವ್ಯಾಟ್ ಎಳೆಯುತ್ತದೆ ಎಂದು ಹಿಡಿದರೆ ಹತ್ತು ನಿಮಿಷಕ್ಕೆ ಅರ್ಧ ಯೂನಿಟ್ ಆಯಿತು. ನಾಲ್ಕು ಕಿಲೋಮೀಟರ್ ಓಡಲು ಕಾರಿಗೆ ಬೇಕಾದದ್ದೂ ಹೆಚ್ಚುಕಡಿಮೆ ಅರ್ಧ ಯೂನಿಟ್. ಅಂದರೆ ಓಡಿಸಲು ಎಷ್ಟೋ ಬೆಚ್ಚಗಾಗಲು ಅಷ್ಟೇ. ಮೈಲೇಜ್ ಅರ್ಧಕ್ಕೆ ಇಳಿಯದೆ ಇನ್ನೇನು? ಅದೇ ಹೀಟರ್ ನೂರು ಕಿಲೋಮೀಟರಿನ ಪ್ರಯಾಣದಲ್ಲಿ ಆರಂಭದಲ್ಲಿ ಅಷ್ಟೇ ಎಳೆದು, ಕಾರು ಬೆಚ್ಚಗಾದ ಮೇಲೆ ತಗ್ಗಿ, ಬಿಸಿಲು ಏರಿದಾಗ ನಿಂತೇ ಹೋಗುವುದರಿಂದ ಅದರ ಪಾಲು ಸಣ್ಣದಾಗುತ್ತದೆ.

ಪರಿಹಾರ ಮಗಳನ್ನು ಚಳಿಯಲ್ಲಿ ಕೂರಿಸುವುದಲ್ಲ. ಚಾರ್ಜಿಂಗ್ ಕೇಬಲ್ ಇನ್ನೂ ಗೋಡೆಯ ಸಾಕೆಟ್‌ನಲ್ಲಿರುವಾಗಲೇ, ಹೊರಡುವ ಹತ್ತು ನಿಮಿಷ ಮೊದಲು ಹೀಟರ್ ಚಾಲೂ ಮಾಡಿ. ಮೊಬೈಲ್ ಆ್ಯಪ್‌ನಿಂದ ಅದನ್ನು ಮಾಡುವ ಸೌಲಭ್ಯ ಹಲವು ಕಾರುಗಳಲ್ಲಿದೆ. ಹೀಟರಿನ ಆ ದೊಡ್ಡ ಮೊದಲ ತುತ್ತು ಆಗ ಬ್ಯಾಟರಿಯಿಂದ ಹೋಗದೆ ಬಹುಪಾಲು ಮನೆಯ ಮೀಟರಿನಿಂದ ಹೋಗುತ್ತದೆ. ವಿದ್ಯುತ್ ಬಿಲ್ಲಿನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ, ನಿಜ, ರೇಂಜ್‌ನಲ್ಲಿ ಬರುವುದಿಲ್ಲ. ಹೊರಟ ಮೇಲೆ ತಾಪಮಾನವನ್ನು 25-26ಕ್ಕೆ ಏರಿಸದೆ 20-21ಕ್ಕೆ ಇಟ್ಟು, ಫ್ಯಾನ್ ತಗ್ಗಿಸಿ. ಮಡಿಲ ಮೇಲೊಂದು ಕಂಬಳಿ, ಕಿವಿ ಮುಚ್ಚುವ ಟೋಪಿ ಇದ್ದರೆ ಮಕ್ಕಳಿಗೆ ಹೀಟರಿಗಿಂತ ಹಿತ.

ಗಾಜಿನ ಮಂಜಿಗೆ ಕಾರಣ ನಮ್ಮ ಉಸಿರಿನ ತೇವ. ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿಟ್ಟರೆ ಶಾಖ ಉಳಿಯುತ್ತದೆ, ಆದರೆ ತೇವ ಹೊರಹೋಗದೆ ಗಾಜಿನ ಮೇಲೆ ಕೂರುತ್ತದೆ. ಹೊರಗಾಳಿಗೆ ಬದಲಿಸಿ, ಎಸಿಯನ್ನು ಕೆಲವು ನಿಮಿಷ ಗಾಜಿನ ಕಡೆಗೆ ಬಿಡಿ. ಎಸಿ ಗಾಳಿಯ ತೇವವನ್ನು ಹಿಂಡಿ ತೆಗೆಯುತ್ತದೆ, ಈ ಚಳಿಯಲ್ಲಿ ಅದರ ಕಂಪ್ರೆಸರ್ ಎಳೆಯುವ ವಿದ್ಯುತ್ ಹೀಟರಿಗಿಂತ ಬಹಳ ಕಡಿಮೆ. ಗಾಜಿನ ಒಳಮೈಯನ್ನು ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಜಿಡ್ಡು ಹೋಗುವಂತೆ ಒರೆಸಿದರೆ ಮಂಜು ಕಟ್ಟುವುದೂ ಕಡಿಮೆಯಾಗುತ್ತದೆ. ಗಾಜು ಸ್ವಚ್ಛವಾಗದೆ ಮಾತ್ರ ಹೊರಡಬೇಡಿ. ಅಲ್ಲಿ ರೇಂಜಿನ ಲೆಕ್ಕ ಬೇಡ.

ವ್ಯಾಪಾರಿ, ಹುಮನಾಬಾದ್

ಹೀಟರಿನ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಹೆದ್ದಾರಿಯಲ್ಲಿ ಓಡಾಡುವ ನಮ್ಮಂಥವರಿಗೆ ಅದು ಎರಡನೆಯ ಮಾತು. ನಾನು ವ್ಯಾಪಾರದ ಕೆಲಸಕ್ಕೆ ಜಹೀರಾಬಾದ್ ಮಾರ್ಗವಾಗಿ ಹೈದರಾಬಾದಿಗೆ ಆಗಾಗ ಹೋಗಿಬರುತ್ತೇನೆ. ಚಳಿಗಾಲದಲ್ಲಿ ಹೀಟರನ್ನು ಮುಟ್ಟದಿದ್ದರೂ ಬೆಳಗಿನ ಪ್ರಯಾಣಕ್ಕೆ ಮಧ್ಯಾಹ್ನದ್ದಕ್ಕಿಂತ ಹೆಚ್ಚು ವಿದ್ಯುತ್ ಬೇಕಾಗುತ್ತದೆ.

ಒಂದು ಕಾರಣ ಗಾಳಿ. ತಣ್ಣನೆಯ ಗಾಳಿ ಹೆಚ್ಚು ಸಾಂದ್ರ. 10 ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ಸುಮಾರು 7% ದಟ್ಟವಾಗಿರುತ್ತದೆ, ಕಾರಿಗೆ ಅಷ್ಟೇ ಪ್ರಮಾಣದಲ್ಲಿ ಹೆಚ್ಚು ಅಡ್ಡಿ ಒಡ್ಡುತ್ತದೆ. ಅದನ್ನು ನಾವು ಬದಲಿಸಲಾರೆವು, ವೇಗವನ್ನು ಬದಲಿಸಬಲ್ಲೆವು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಗಂಟೆಗೆ 80 ಕಿ.ಮೀ. ಬಿಟ್ಟು 100ಕ್ಕೆ ಹೋದರೆ ಆ ತಡೆ 56% ಹೆಚ್ಚುತ್ತದೆ. ಕಂಪನಿಗಳು ಜಾಹೀರಾತಿನಲ್ಲಿ ಹೇಳುವ ರೇಂಜ್ ಬರುವ ಭಾರತೀಯ ಪರೀಕ್ಷಾ ಚಕ್ರದಲ್ಲಿ ಗರಿಷ್ಠ ವೇಗವೇ 90 ಕಿ.ಮೀ., ಅದೂ ಸ್ವಲ್ಪ ಹೊತ್ತು. ಹೆದ್ದಾರಿಯಲ್ಲಿ ನೂರರ ಮೇಲೆ ಓಡಿಸಿ ಆ ಅಂಕಿಯನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಇನ್ನೊಂದು ಕಾರಣ ಟೈರಿನ ಗಾಳಿ, ಮತ್ತು ಇದನ್ನು ನಮ್ಮಲ್ಲಿ ಬಹುತೇಕರು ನಿರ್ಲಕ್ಷಿಸುತ್ತಾರೆ. ಮಧ್ಯಾಹ್ನ 30 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿಸಿದ ಟೈರು ಮರುದಿನ ಬೆಳಿಗ್ಗೆ 10 ಡಿಗ್ರಿಯಲ್ಲಿ 30ರ ಹತ್ತಿರ ಇರುತ್ತದೆ. ಎಲ್ಲಿಯೂ ಸೋರಿಕೆ ಇಲ್ಲ; ತಣ್ಣಗಾದ ಗಾಳಿ ಕುಗ್ಗಿದೆ, ಅಷ್ಟೆ. ಮೆತ್ತಗಾದ ಟೈರು ಉರುಳಲು ಹೆಚ್ಚು ಶಕ್ತಿ ಬೇಡುತ್ತದೆ. ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿ ಬರೆದಿರುವ ಒತ್ತಡ ತಣ್ಣನೆಯ ಟೈರಿನದು, ಆದ್ದರಿಂದ ಬೆಳಿಗ್ಗೆ ಹೊರಡುವ ಮೊದಲೇ ನೋಡಬೇಕು. ಸಿಗರೇಟ್ ಲೈಟರ್ ಸಾಕೆಟ್‌ನಿಂದ ನಡೆಯುವ ಸಣ್ಣ ಪಂಪ್ ಒಂದನ್ನು ಕಾರಿನಲ್ಲೇ ಇಟ್ಟುಕೊಳ್ಳಿ. ಈ ಹಂಗಾಮಿನಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಷ್ಟು ಪ್ರಯೋಜನ ಕೊಡುವ ವಸ್ತು ಬೇರೆ ಇಲ್ಲ.

ರಾತ್ರಿಯ ಪ್ರಯಾಣದವರಿಗೆ ಒಂದು ಮಾತು ಸೇರಿಸಬೇಕು. ಇದು ಕಬ್ಬು ಕಡಿಯುವ ಕಾಲ. ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಭಾಲ್ಕಿ, ಹುಮನಾಬಾದ್ ರಸ್ತೆಗಳಲ್ಲಿ ಸಾಲುಗಟ್ಟಿ ಹೋಗುತ್ತಿರುತ್ತವೆ. ವೇಗ ಇಳಿಸುವುದು ರೇಂಜಿಗೆ ಮಾತ್ರವಲ್ಲ, ಜೀವಕ್ಕೂ ಅಗತ್ಯ.

ಓದುಗ, ಯಾದಗಿರಿ

ನಮ್ಮಲ್ಲಿ ಬೀದರಿನಷ್ಟು ಚಳಿ ಇಲ್ಲ, ಹೀಟರಿನ ಬಟನ್ ಒತ್ತಿದವರೇ ಅಪರೂಪ. ಆದರೂ ಟೈರಿನ ಮಾತು ನಮಗೂ ಅನ್ವಯಿಸುತ್ತದೆ. ಬೆಳಿಗ್ಗೆ ಅಳೆದು ನೋಡಿದೆ, ನಾಲ್ಕೂ ಟೈರುಗಳಲ್ಲಿ ಗಾಳಿ ಕಡಿಮೆ ಇತ್ತು.

ರೈತ, ಔರಾದ್

ನನ್ನ ಪ್ರಶ್ನೆ ಚಾರ್ಜಿಂಗ್ ಸಮಯದ್ದು. ಮನೆಯಲ್ಲಿರುವುದು 15 ಆಂಪಿಯರ್ ಸಾಕೆಟ್. ಸಂಜೆ ಬಂದೊಡನೆ ಹಚ್ಚಿದರೆ ನಡುರಾತ್ರಿಗೆ ತುಂಬಿ ನಿಲ್ಲುತ್ತದೆ. ಬೆಳಗಿನ ಜಾವಕ್ಕೆ ಮುಗಿಯುವಂತೆ ತಡವಾಗಿ ಹಚ್ಚಿದರೆ ಬ್ಯಾಟರಿ ಬೆಚ್ಚಗಿದ್ದು ರೇಂಜ್ ಹೆಚ್ಚು ಸಿಗುತ್ತದೆ ಎನ್ನುತ್ತಾರೆ. ನಮ್ಮ ಹಳ್ಳಿಯಲ್ಲಿ ರಾತ್ರಿ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಯಾವುದು ಮೇಲು? ಹಾಗೆಯೇ, ಕಾರನ್ನು ಅಂಗಳದಲ್ಲಿ ಬಯಲಿಗೆ ನಿಲ್ಲಿಸಬೇಕೇ, ತಗಡಿನ ಶೆಡ್ಡಿನಲ್ಲಿ ನಿಲ್ಲಿಸಬೇಕೇ?

ಇಂಜಿನಿಯರ್, ಕಲಬುರಗಿ

ಸಾಕೆಟ್‌ನಿಂದ ಗರಿಷ್ಠ ಎಳೆಯಬಹುದಾದದ್ದು 3.4 ಕಿಲೋವ್ಯಾಟ್ ಸುಮಾರು. 30 ಯೂನಿಟ್ಟಿನ ಬ್ಯಾಟರಿಯನ್ನು 20%ರಿಂದ ತುಂಬಿಸಲು ಎಂಟೊಂಬತ್ತು ಗಂಟೆ ಹಿಡಿಯುತ್ತದೆ. ಇಷ್ಟು ನಿಧಾನವಾದ ಚಾರ್ಜಿಂಗ್‌ನಿಂದ ಬ್ಯಾಟರಿಯಲ್ಲಿ ಹುಟ್ಟುವ ಬಿಸಿ ಅಲ್ಪ. ಆದ್ದರಿಂದ ಬೆಳಿಗ್ಗೆ ಮುಗಿಸುವುದರ ಲಾಭ ಜನ ಹೇಳುವಷ್ಟಿಲ್ಲ. ಲಾಭ ಬೇರೆಡೆ ಇದೆ: ಬ್ಯಾಟರಿ 100% ತುಂಬಿಕೊಂಡು ಗಂಟೆಗಟ್ಟಲೆ ಸುಮ್ಮನೆ ಕೂರುವುದು ತಪ್ಪುತ್ತದೆ, ವಿಶೇಷವಾಗಿ ಎನ್‌ಎಂಸಿ ಬ್ಯಾಟರಿಗೆ ಇದು ಒಳ್ಳೆಯದು, ಮತ್ತು ಹೊರಡುವಾಗ ಕೇಬಲ್ ಇನ್ನೂ ಹಚ್ಚಿಯೇ ಇರುವುದರಿಂದ ಮೇಲೆ ಹೇಳಿದಂತೆ ಒಳಗನ್ನು ಬೆಚ್ಚಗೆ ಮಾಡಿಕೊಂಡು ಹೊರಡಬಹುದು. ಕರೆಂಟಿನ ಭರವಸೆ ಇಲ್ಲದ ಕಡೆ ಸಂಜೆಯೇ ಹಚ್ಚಿ 80-90%ಕ್ಕೆ ತಂದು, ಉಳಿದದ್ದನ್ನು ನಸುಕಿನಲ್ಲಿ ತುಂಬಿಸಿ. ಅರ್ಧ ತುಂಬಿದ ಬೆಚ್ಚನೆಯ ಬ್ಯಾಟರಿಗಿಂತ ಪೂರ್ತಿ ತುಂಬಿದ ತಣ್ಣನೆಯ ಬ್ಯಾಟರಿ ಖಂಡಿತವಾಗಿ ಹೆಚ್ಚು ದೂರ ಒಯ್ಯುತ್ತದೆ. ಸಾಕೆಟ್‌ಗೆ ಸರಿಯಾದ ಅರ್ಥಿಂಗ್ ಇದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿಕೊಳ್ಳಿ. ರಾತ್ರಿಯಿಡೀ ಪೂರ್ಣ ಭಾರ ಎಳೆಯುವ ಪ್ಲಗ್ ಬಿಸಿಯಾಗುತ್ತಿದ್ದರೆ ಅದನ್ನು ಬದಲಿಸಲೇಬೇಕು.

ಶೆಡ್ಡಿನಲ್ಲೇ ನಿಲ್ಲಿಸಿ. ಬಯಲಿನಲ್ಲಿ ನಿಂತ ಕಾರು ತಿಳಿಯಾದ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ಹೆಚ್ಚು ತಣ್ಣಗಾಗುತ್ತದೆ, ಗಾಜಿನ ಮೇಲೆ ಇಬ್ಬನಿಯೂ ಕೂರುತ್ತದೆ. ಹಗಲಿನಲ್ಲಿ ಮಾತ್ರ ಈ ಎರಡು ತಿಂಗಳು ನೆರಳು ಹುಡುಕದೆ ಬಿಸಿಲಿಗೆ ನಿಲ್ಲಿಸಿದರೆ ತೊಂದರೆಯಿಲ್ಲ.

ಎಲ್‌ಎಫ್‌ಪಿಯವರಿಗೆ ಇನ್ನೊಂದು ಸೂಚನೆ. ಈ ಬ್ಯಾಟರಿಯ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿ ಇರುವುದರಿಂದ ಎಷ್ಟು ಚಾರ್ಜ್ ಉಳಿದಿದೆ ಎಂಬುದನ್ನು ಕಾರು ಕರಾರುವಾಕ್ಕಾಗಿ ಊಹಿಸಲಾರದು, ದಿನ ಕಳೆದಂತೆ ಅಂದಾಜು ತಪ್ಪುತ್ತ ಹೋಗುತ್ತದೆ. ಆಗಾಗ 100%ವರೆಗೆ ನಿಧಾನವಾಗಿ ತುಂಬಿಸಿದರೆ ಅಂದಾಜು ಸರಿಹೋಗುತ್ತದೆ. ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ನಿಮ್ಮ ಕಾರಿನ ಕೈಪಿಡಿಯ ಮಾತೇ ಅಂತಿಮ.

ಶಿಕ್ಷಕಿ, ಭಾಲ್ಕಿ

ಕೇಬಲ್ ಹಚ್ಚಿಟ್ಟೇ ಹೀಟರ್ ಹಾಕುವುದನ್ನು ಈ ವಾರ ಪಾಲಿಸಿದೆ. ಗಾಜು ಹೊರಡುವ ಮೊದಲೇ ಸ್ವಚ್ಛವಾಗಿರುತ್ತದೆ, ಮಗಳಿಗೂ ಹಿತವಾಗಿದೆ, ಬೆಳಗಿನ ಮೈಲೇಜ್ ಬೇಸಿಗೆಯ ಮಟ್ಟಕ್ಕೆ ಹತ್ತಿರ ಬಂದಿದೆ. ಪರದೆಯ ಮೇಲಿನ ರೇಂಜ್ ಮಾತ್ರ ತಕ್ಷಣ ಏರಲಿಲ್ಲ. ಕೆಲವು ದಿನಗಳ ನಂತರ ನಿಧಾನವಾಗಿ ಏರುತ್ತಿದೆ. ಇದು ಸರಿಯೇ? ಇನ್ನೊಂದು ವಿಷಯ: ಸಂಬಂಧಿಕರ ಮನೆಗೆ ಬೀದರಿನಿಂದ ಕಲಬುರಗಿಗೆ ಹೋಗಿ ಅಂದೇ ಮರಳಬೇಕಾಗಿದೆ. ಮಧ್ಯೆ ಚಾರ್ಜ್ ಮಾಡದೆ ಆಗುತ್ತದೆಯೇ?

ನೌಬಾದ್ ನಿವಾಸಿ, ಬೀದರ್

ಸರಿಯೇ, ಮೇಡಂ. ಪರದೆಯ ಆ ಅಂಕಿ ಬ್ಯಾಟರಿಯ ಅಳತೆಯಲ್ಲ. ಇತ್ತೀಚಿನ ನಿಮ್ಮ ಓಡಾಟದಲ್ಲಿ ಯೂನಿಟ್ಟಿಗೆ ಎಷ್ಟು ದೂರ ಸಿಕ್ಕಿತೋ ಅದರಿಂದ ಕಾರು ಮುಂದಿನದನ್ನು ಊಹಿಸುತ್ತದೆ. ಪ್ರಯಾಣದಲ್ಲಿ ಶೇಕಡಾವಾರು ಚಾರ್ಜನ್ನೂ ತಲುಪಬೇಕಾದ ಊರಿಗೆ ಉಳಿದ ದೂರವನ್ನೂ ಜೊತೆಯಾಗಿ ನೋಡುವುದು ಹೆಚ್ಚು ನಂಬಲರ್ಹ.

ಕಲಬುರಗಿಯ ಲೆಕ್ಕ ಸ್ವಾರಸ್ಯಕರವಾಗಿದೆ. ದೂರ 110 ಕಿ.ಮೀ. ಆಚೀಚೆ. ಗಂಟೆಗೆ 75-80ರ ವೇಗದಲ್ಲಿ ಯೂನಿಟ್ಟಿಗೆ 7.5 ಕಿ.ಮೀ. ಹಿಡಿದರೆ ಒಂದು ದಿಕ್ಕಿಗೆ 15 ಯೂನಿಟ್. ಬೆಳಗಿನ ಚಳಿ, ಹೀಟರ್, ತಣ್ಣನೆಯ ಟೈರು ಇವುಗಳಿಗೆ 2 ಯೂನಿಟ್ ಸೇರಿಸಿ. ಆದರೆ ಕಲಬುರಗಿ ನಮ್ಮ ಊರಿಗಿಂತ 200 ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಜನರೊಂದಿಗೆ 1600 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು ಸುಮಾರು 1 ಯೂನಿಟ್ ಬೇಕು. ಇಳಿಯುವಾಗ ಅದರ ದೊಡ್ಡ ಪಾಲು ಉಳಿತಾಯವಾಗುತ್ತದೆ. ಇಳಿಜಾರಿನ ಹೆಚ್ಚಿನ ಭಾಗ ಹುಮನಾಬಾದ್ ದಾಟಿ ಕಮಲಾಪುರದ ಕಡೆಗೆ ಇರುವುದು ನಮಗೆ ಅನುಕೂಲ. ಅಷ್ಟರಲ್ಲಿ ಬ್ಯಾಟರಿ ಬೆಚ್ಚಗಾಗಿರುತ್ತದೆ, ಮರಳುವ ವಿದ್ಯುತ್ತನ್ನು ತುಂಬಿಸಿಕೊಳ್ಳಲು ಅದರಲ್ಲಿ ಜಾಗವೂ ಇರುತ್ತದೆ, ರೀಜೆನ್ ಪೂರ್ಣವಾಗಿ ಕೆಲಸ ಮಾಡುತ್ತದೆ. 100% ಚಾರ್ಜಿನೊಂದಿಗೆ ಮನೆ ಬಾಗಿಲಿನಿಂದಲೇ ಇಳಿಜಾರು ಶುರುವಾಗಿದ್ದರೆ ಈ ಲಾಭ ಕೈತಪ್ಪುತ್ತಿತ್ತು.

ಹೀಗೆ ಹೋಗುವಾಗ 16 ಯೂನಿಟ್. ಮಧ್ಯಾಹ್ನದ ಬಿಸಿಲಿನಲ್ಲಿ ಮರಳಿದರೆ ಹೀಟರ್ ಬೇಡ, ಏರಿಗೆ 1 ಯೂನಿಟ್ ಸೇರಿ ಮತ್ತೆ 16. ಒಟ್ಟು 32. ನಲವತ್ತು ಯೂನಿಟ್ಟಿನ ಕಾರಾದರೆ 20% ಉಳಿಸಿಕೊಂಡು ಮನೆ ಸೇರುತ್ತೀರಿ. ಮೂವತ್ತರ ಕಾರಾದರೆ ಆಗುವುದಿಲ್ಲ, ಕಲಬುರಗಿಯಲ್ಲಿ ಚಾರ್ಜ್ ಮಾಡಲೇಬೇಕು. ಫಾಸ್ಟ್ ಚಾರ್ಜರನ್ನು ತಲುಪಿದ ಕೂಡಲೇ ಬಳಸಿ. ಓಡಿ ಬಂದ ಬೆಚ್ಚನೆಯ ಬ್ಯಾಟರಿ ಬೇಗ ತುಂಬುತ್ತದೆ. ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಎದ್ದು ಚಾರ್ಜರಿಗೆ ಹೋದರೆ ಅದೇ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ.

ರೈತ, ಔರಾದ್

ಉಪಯುಕ್ತ ಲೆಕ್ಕ. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವೆ. ಐದು ಜನ, ಬಜ್ಜಿಯ ಪಾತ್ರೆ, ರೊಟ್ಟಿಯ ಬುಟ್ಟಿ, ಕೊಡಗಳು. ಕಾರಿನ ಮೇಲೆ ಕ್ಯಾರಿಯರ್ ಹಾಕಿಸಬೇಕೆಂದಿದ್ದೇನೆ. ಭಾರದಿಂದ ರೇಂಜ್ ಬಹಳ ಇಳಿಯುತ್ತದೆಯೇ?

ವ್ಯಾಪಾರಿ, ಹುಮನಾಬಾದ್

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಭಾರದಿಂದ ಆಗುವ ನಷ್ಟ ಸಣ್ಣದು. ಟೈರಿಗೆ ಪೂರ್ಣ ಭಾರಕ್ಕೆ ಸೂಚಿಸಿರುವ ಒತ್ತಡ ತುಂಬಿಸಿದರೆ ಸಾಕು. ಛಾವಣಿಯ ಕ್ಯಾರಿಯರ್ ಗಾಳಿಗೆ ಅಡ್ಡ ನಿಲ್ಲುವುದರಿಂದ ಹೆದ್ದಾರಿಯ ವೇಗದಲ್ಲಿ ಅದು ಐದನೆಯ ಪ್ರಯಾಣಿಕನಿಗಿಂತ ಹೆಚ್ಚು ತಿನ್ನುತ್ತದೆ, ಖಾಲಿ ಇದ್ದರೂ ತಿನ್ನುತ್ತಲೇ ಇರುತ್ತದೆ. ಹೊಲದ ದಾರಿ ಹತ್ತಿಪ್ಪತ್ತು ಕಿಲೋಮೀಟರಾದರೆ ಚಿಂತೆಯಿಲ್ಲ, ಹಾಕಿಸಿ. ಬಿಚ್ಚಲು ಬರುವಂಥದ್ದನ್ನೇ ಆರಿಸಿ, ಹಬ್ಬ ಮುಗಿದ ಮರುದಿನ ಬಿಚ್ಚಿಡಿ.